ಕೊನೆಯ ಸಾಲಿಗೆ ಕೇಳಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಅರ್ಧ ಮಾತು. ಪಾರ್ವತೆವ್ವನವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಒಂದು ವಾರ ಗ್ರೀಸ್ ತಿರುಗಿ ನೋಡು ಎಂದು ಅವರು ಸೇರಿಸಬೇಕಿತ್ತು. ನಾನು ತಿರುಗಿ ಬಂದಿದ್ದೇನೆ. ಡಚ್ಚರ ಊರಾದ ಐಂಡ್‌ಹೋವನ್‌ನ ನಮ್ಮ ಕನ್ನಡ ಬಳಗ ಈ ವರ್ಷ ಗ್ರೀಸ್ ದೇಶದ ಪುರಾತನ ಊರುಗಳಿಗೆ ಪ್ರವಾಸ ಹೊರಟಾಗ, ‘ಯತಿರಾಜ್‌ಗೆ ತಾಳ್ಮೆ ಜಾಸ್ತಿ’ ಎಂದು ಹೊಗಳಿ ಮೇಲ್ವಿಚಾರಣೆಯನ್ನು ನನ್ನ ತಲೆಗೆ ಕಟ್ಟಿದರು. ತಾಳ್ಮೆ ಇದ್ದದ್ದು ನಿಜ. ಅದು ಅಥೆನ್ಸ್‌ನಲ್ಲೇ ಖರ್ಚಾಗಿ ಹೋಯಿತು.

ಪಾರ್ವತೆವ್ವ ಗುಳೇದಗುಡ್ಡದವರು. ಮದುವೆಯಾಗಿ ಗಂಡನ ಹಿಂದೆ ಐಂಡ್‌ಹೋವನ್‌ಗೆ ಬಂದು ಮೂವತ್ತು ಚಿಲ್ಲರೆ ವರ್ಷವಾಗಿದೆ. ಗಂಡ ಚನ್ನಮಲ್ಲಪ್ಪನವರು ಇಲ್ಲಿ ಲೌಡ್‌ಸ್ಪೀಕರ್ ತಯಾರಿಸುವ ಕಡೆ ಎಂಜಿನಿಯರಾಗಿದ್ದರು. ಈಕೆ ಬಂದ ಮೊದಲ ಚಳಿಗಾಲದಲ್ಲೇ ಸೈಕಲ್ ಕಲಿತು, ಇಳಕಲ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಜರ್ಕಿನ್ ಏರಿಸಿ ಶನಿವಾರದ ಸಂತೆಗೆ ಹೊರಟವರು, ಇವತ್ತಿಗೂ ನಿಂತಿಲ್ಲ. ಮೆಂತ್ಯ ಸೊಪ್ಪಿಗೆ ಡಚ್ಚಿನಲ್ಲಿ ಚೌಕಾಸಿ ಮಾಡುತ್ತಾರೆ. ಆ ಡಚ್ಚಿಗೂ ಬಾಗಲಕೋಟೆಯ ಎಳೆತವಿದೆ. ರೊಟ್ಟಿ ಬಡಿಯುವ ಸದ್ದಿನ ಬಗ್ಗೆ ದೂರು ಹೇಳಲು ಬಂದ ಪಕ್ಕದ ಮನೆಯ ಡಚ್ ಅಜ್ಜಿಯನ್ನು ಒಳಗೆ ಎಳೆದು ಕೂರಿಸಿ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಆಮೇಲೆ ಅಜ್ಜಿ ದೂರು ಹೇಳಿದ್ದು ಸದ್ದು ಕೇಳಿಸದ ದಿನಗಳಲ್ಲಿ ಮಾತ್ರ.

ಇಂಥ ಗಟ್ಟಿಗಿತ್ತಿಗೆ ಒಂದೇ ಒಂದು ಮಾತು ಬಾಯಿಂದ ಹೊರಡುವುದಿಲ್ಲ. ಅದು ಗಂಡನ ಹೆಸರು. ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟದ್ದನ್ನು ಈಕೆ ಕಡಲಾಚೆಗೂ ಹೊತ್ತು ತಂದರು. ಮದುವೆಯ ದಿನ ಹೆಂಗಸರೆಲ್ಲ ಸೇರಿ ಒಡಪು ಹಾಕಿ, ಪದ್ಯದೊಳಗೆ ಗಂಡನ ಹೆಸರು ಸೇರಿಸಿ ಹೇಳಲೇಬೇಕೆಂದು ಕಾಡಿದಾಗ ಒಮ್ಮೆ ಹೇಳಿದ್ದರಂತೆ. ಅಲ್ಲಿಂದಾಚೆಗೆ ‘ನಮ್ಮನಿಯವರು’, ಎದುರಿಗಿದ್ದರೆ ‘ರೀ’. ತಮಾಷೆಯೆಂದರೆ ಪಾಸ್‌ಪೋರ್ಟಿನಲ್ಲಿ ಇವರ ಕೊನೆಯ ಹೆಸರೇ ಚನ್ನಮಲ್ಲಪ್ಪ. ಡಾಕ್ಟರರ ಬಳಿ ಹೋದರೂ ನಗರಸಭೆಗೆ ಹೋದರೂ ಶ್ರೀಮತಿ ಚನ್ನಮಲ್ಲಪ್ಪ ಎನ್ನುವುದನ್ನು ಡಚ್ಚರ ನಾಲಿಗೆಯಲ್ಲಿ ‘ಮೆವ್ರೌ ಖನ್ನಮಲ್ಲಾಪಾ’ ಎಂದೇ ಕೂಗುತ್ತಾರೆ. ಇವರು ಆರಾಮಾಗಿ ಎದ್ದು ಹೋಗುತ್ತಾರೆ.

ನಾನೊಮ್ಮೆ ಕೇಳಿದ್ದೆ, "ಅವ್ರು ಕೂಗಿದ್ರೆ ಆಯುಷ್ಯ ಕಡಿಮೆ ಆಗಲ್ವಾ?"

"ಅವ್ರು ಕರ್ಯೂದು ಕೇಳಿದ್ರ ಅದು ನಮ್ಮನಿಯವರ ಹೆಸರಂತ ಯಮನಿಗೂ ಗೊತ್ತಾಗೂದಿಲ್ಲ ಬಿಡೋ" ಎಂದಿದ್ದರು.

ಹೋದ ವರ್ಷ ಚಳಿಗಾಲದಲ್ಲಿ ಚನ್ನಮಲ್ಲಪ್ಪನವರು ತೀರಿಕೊಂಡರು. ಇಲ್ಲಿನ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ನನ್ನ ಪಾಡು ಶುರುವಾದದ್ದು ಅದರ ಮಾರನೆಯ ವಾರದಿಂದ. ಇಲ್ಲಿ ಗ್ಯಾಸಿನವರಿಗೆ ಫೋನ್ ಮಾಡಿದರೂ, ವಿಮೆಯವರಿಗೆ ಮಾಡಿದರೂ ಮೊದಲು ಕೇಳುವುದು ಕೊನೆಯ ಹೆಸರು. ಅಲ್ಲಿಗೆ ಪಾರ್ವತೆವ್ವನವರ ಬಾಯಿ ಕಟ್ಟಿಹೋಗುತ್ತದೆ. ಕೂಡಲೇ ನನಗೆ ಕರೆ: "ಯತಿರಾಜ, ಒಂದೀಟ ಬಂದು ಹೆಸರು ಹೇಳಿ ಹೋಗೋ." ನಾನು ಆಫೀಸು ಮುಗಿಸಿ, ಎದುರುಗಾಳಿಯಲ್ಲಿ ಸೈಕಲ್ ತುಳಿದು ಅವರ ಮನೆಗೆ ಹೋಗಿ, ಫೋನಿನಲ್ಲಿ ‘ಚನ್ನಮಲ್ಲಪ್ಪ’ ಎಂದು ಹೇಳಿ, ಅವರು ಕೊಟ್ಟ ರೊಟ್ಟಿ ಕಟ್ಟಿಸಿಕೊಂಡು ವಾಪಸಾಗಬೇಕು. ಗಂಡನೇ ಇಲ್ಲದ ಮೇಲೆ ಯಾವ ಆಯುಷ್ಯ ಎಂದು ನನ್ನ ಹೆಂಡತಿ ಶ್ರಾವ್ಯ ಮೆತ್ತಗೆ ಕೇಳಿಯೂ ನೋಡಿದಳು. "ನಾಲಿಗಿ ಹೊಳ್ಳೂದಿಲ್ಲವ್ವಾ, ಏನ್ ಮಾಡ್ಲಿ?" ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದ ಮಾಡಿ ಗೆದ್ದವರುಂಟೇ?

ಗ್ರೀಸ್ ಪ್ರವಾಸಕ್ಕೆ ಮೊದಲು ಹೆಸರು ಕೊಟ್ಟವರು ಇವರೇ. ಅದಕ್ಕೆ ಕಾರಣವಿತ್ತು. ಎಪಿಡಾರಸ್ ಎಂಬ ಊರಿನಲ್ಲಿ ಗುಡ್ಡದ ಮೈಗೆ ಕಲ್ಲಿನ ಮೆಟ್ಟಿಲು ಕಟ್ಟಿ ಮಾಡಿದ ಬಯಲು ರಂಗಮಂದಿರವಿದೆ. ಕೆಳಗೆ ನಡುಮಧ್ಯೆ ನಿಂತು ಆಡಿದ ಮಾತು ಮೈಕಿಲ್ಲದೆ ಕೊನೆಯ ಸಾಲಿಗೂ ಕೇಳಿಸುತ್ತದೆ ಎಂದು ಯಾವಾಗಲೋ ಟೀವಿಯಲ್ಲಿ ತೋರಿಸಿದ್ದರಂತೆ. ಜೀವಮಾನವೆಲ್ಲ ಲೌಡ್‌ಸ್ಪೀಕರ್ ಮಾಡಿದ ಚನ್ನಮಲ್ಲಪ್ಪನವರು ಅದನ್ನು ಒಪ್ಪಲೇ ಇಲ್ಲ. ನಾಣ್ಯದ ಸದ್ದು, ಚಪ್ಪಾಳೆ ಕೇಳಿಸಬಹುದು, ಮಾತು ತಿಳಿಯುವುದಿಲ್ಲ ಎಂದರು. ‘ನಮ್ಮೂರ ಬಯಲಾಟಕ್ಕ ಮೈಕ್ ಇತ್ತೇನ್ರಿ?’ ಎಂದು ಹೆಂಡತಿ ಎದ್ದು ನಿಂತರು. ಆ ಜಗಳ ಅವರ ಮನೆಯಲ್ಲಿ ಹಬ್ಬದ ಹೋಳಿಗೆಯಂತೆ ವರ್ಷವರ್ಷವೂ ಆಗುತ್ತಿತ್ತು. ಕೊನೆಗೆ ಹೋಗಿ ನೋಡಿಯೇ ತೀರ್ಮಾನಿಸೋಣ ಎಂದು ಪಂಥವಾಯಿತು. ಚನ್ನಮಲ್ಲಪ್ಪನವರು ಶರತ್ತನ್ನೂ ಹಾಕಿದ್ದರು: ಮೇಲೆ ಕೂತವನಿಗೆ ಮೊದಲೇ ಗೊತ್ತಿರುವ ಮಾತು ಆಡಬಾರದು. ಗೊತ್ತಿದ್ದರೆ ಅರ್ಧ ಕೇಳಿಸಿದರೂ ಮಿಕ್ಕರ್ಧವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಯಾರೂ ಊಹಿಸದ ಮಾತು ಆಡಬೇಕು, ಕೊನೆಯ ಸಾಲಿಗೆ ಕೇಳಬೇಕು. ಹಾಗೆಂದವರು ‘ಮುಂದಿನ ವರ್ಷ ಹೋಗೋಣ’ ಎನ್ನುತ್ತಲೇ ಹೋಗಿಬಿಟ್ಟರು.

"ನನಗ ಆ ಬಯಲಾಟದ ಜಾಗಾ ಒಂದು ತೋರಿಸಿಬಿಡೋ" ಎಂದು ಪಾರ್ವತೆವ್ವ ಹೊರಡುವ ಮುಂಚೆಯೇ ನನ್ನ ಬಳಿ ಹೇಳಿದ್ದರು. "ಉಳಿದಿದ್ದು ನೀವು ಏನರ ನೋಡ್ಕೋರಿ."

ಹಾಗೆ ಹೇಳಿದವರು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿರಬಹುದಿತ್ತಲ್ಲ? ಇಲ್ಲ. ಅಥೆನ್ಸ್‌ನಲ್ಲಿ ಗುಡ್ಡದ ಮೇಲಿನ ದೊಡ್ಡ ಗುಡಿಗೆ ಹತ್ತುವಾಗ ಬುಡದಲ್ಲೇ ಚಪ್ಪಲಿ ಬಿಟ್ಟರು. ಅಮೃತಶಿಲೆ ಬಿಸಿಲಿಗೆ ಕಾದಿದೆ, ಸವೆದು ಜಾರುತ್ತಿದೆ. ನಮ್ಮ ಗೈಡ್ ದೆಸ್ಪಿನಾ, ಪಾಪದ ಹೆಂಗಸು, ‘ಮೇಡಂ, ಚಪ್ಪಲಿ’ ಎಂದು ಅಂಗಲಾಚಿದಳು.

"ಅಮ್ಮಾ, ಇಲ್ಲಿ ಪೂಜೆ ನಿಂತು ಸಾವಿರಾರು ವರ್ಷ ಆಗಿದೆ. ಒಳಗೆ ದೇವ್ರೇ ಇಲ್ಲ" ಎಂದೆ ನಾನು.

"ದೇವ್ರಿಲ್ಲಂದ್ರ ಏನಾತು? ಮನೀ ಅಂವಂದ ಅಲ್ಲೇನು? ಯಜಮಾನ ಇಲ್ಲಂತ ಅಂವನ ಮನ್ಯಾಗ ಚಪ್ಪಲಿ ಹಾಕ್ಕೊಂಡು ತಿರಗ್ತಾರೇನು?"

ಇಳಿದು ಬಂದ ಮೇಲೆ ಚಪ್ಪಲಿ ಯಾವ ಮರದ ಬುಡದಲ್ಲಿ ಬಿಟ್ಟದ್ದೆಂದು ಮರೆತಿದ್ದರು. "ಎಲ್ಲಾ ಗಿಡಾನೂ ಒಂದೇ ಥರಾ ಅದಾವು" ಎಂದು ಆಲಿವ್ ಮರಗಳ ಮೇಲೆ ತಪ್ಪು ಹೊರಿಸಿದರು. ಬಸ್ಸಿನ ಮಂದಿಯೆಲ್ಲ ಇಳಿದು ಚಪ್ಪಲಿ ಹುಡುಕಿದೆವು. ಮ್ಯೂಸಿಯಂಗೆ ಇಟ್ಟುಕೊಂಡಿದ್ದ ಹೊತ್ತು ಚಪ್ಪಲಿಗೇ ಹೋಯಿತು. ಪ್ರವಾಸಿಗಳನ್ನು ಒಟ್ಟು ಹಾಕುವುದೇ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ, ಅದರಲ್ಲಿ ಒಂದು ಕಪ್ಪೆ ಬರಿಗಾಲಿನದು.

ಕೊರಿಂತ್‌ನಲ್ಲಿ ಇನ್ನೂ ರಂಪ. ಅಲ್ಲಿ ಅಪೋಲೋ ದೇವರ ಗುಡಿಯ ಕೆಲವೇ ಕಂಬಗಳು ಉಳಿದಿವೆ. ಪಾರ್ವತೆವ್ವ ಬರಿಗಾಲಲ್ಲಿ ಹಗ್ಗದ ಹೊರಗಿನಿಂದಲೇ ನಿಧಾನವಾಗಿ ಪ್ರದಕ್ಷಿಣೆ ಹಾಕಿದರು. ಹಾಕಿ ಬಂದು ದೆಸ್ಪಿನಾಳನ್ನು ಹಿಡಿದರು. ಈ ದೇವರ ಒಕ್ಕಲಿನವರು ಯಾರು? ಪೂಜೆ ಯಾಕೆ ಬಿಟ್ಟರು? ಬಿಟ್ಟವರ ಮಕ್ಕಳು ಈಗ ಎಲ್ಲಿದ್ದಾರೆ? ಇದನ್ನೆಲ್ಲ ನಾನು ಇಂಗ್ಲಿಷಿಗೆ ತಿರುಗಿಸಬೇಕು, ಅವಳ ಉತ್ತರವನ್ನು ಕನ್ನಡಕ್ಕೆ ತಿರುಗಿಸಬೇಕು. ಕೊನೆಗೆ, "ವರ್ಷಕ್ಕೊಂದು ದೀಪನಾದ್ರೂ ಹಚ್ಚಬೇಕವಾ, ಇದೇನು ಚಂದ ಅಲ್ಲ" ಎಂದು ಅವಳನ್ನೇ ಬೈದರು. ಅದನ್ನು ನಾನು ತಿರುಗಿಸಲಿಲ್ಲ. ಆದರೂ ದೆಸ್ಪಿನಾ ತಲೆ ತಗ್ಗಿಸಿದಳು.

ಬಸ್ಸು ಹತ್ತಿದಾಗ ಹೊತ್ತು ಇಳಿಯುತ್ತಿತ್ತು. ಎಪಿಡಾರಸ್‌ಗೆ ಹೋದರೆ ಬಾಗಿಲು ಹಾಕುವ ಸಮಯಕ್ಕೆ ಮುಟ್ಟುತ್ತೇವೆ, ಹೋಗದಿದ್ದರೆ ನೇರ ಸಮುದ್ರ ದಂಡೆಯ ಹೋಟೆಲು ಎಂದಳು ದೆಸ್ಪಿನಾ. ನೈಮೆಗನ್ ಊರಿನಿಂದ ಬಂದು ನಮ್ಮ ಜೊತೆ ಸೇರಿದ್ದ ಚಿಪ್ ಎಂಜಿನಿಯರ್ ಕೌಶಲ್ ಎದ್ದು ನಿಂತ.

"ಗೈಸ್, ಇನ್ನೊಂದ್ ಸೆಟ್ ಕಲ್ಲು ನೋಡಿ ಏನ್ ಮಾಡೋದು? ಬೀಚ್‌ಗೆ ಹೋಗೋಣ. ಓಟ್ ಹಾಕ್ಬಿಡೋಣ, ಡಚ್ಚರ ಥರ. ಡೆಮಾಕ್ರಸಿ ಹುಟ್ಟಿದ್ ದೇಶ ಬೇರೆ."

ಬಸ್ಸಿನ ತುಂಬ ಕೈಗಳೆದ್ದವು. ಕಾಲು ಸೋತವರು, ಬೆವರಿದವರು, ಮಕ್ಕಳು, ಎಲ್ಲರೂ ಬೀಚಿನ ಪಕ್ಷ. ಪಾರ್ವತೆವ್ವ ಮುಂದಿನ ಸೀಟಿನಲ್ಲಿ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿದರು. ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

"ನೋಡಿದ್ರಾ? ನಿಮ್ಮಿಂದಾನೇ ಆಗಿದ್ದು! ನಿಮಗೆ ಬೇಕಿದ್ದಿದ್ದು ಒಂದೇ ಜಾಗ. ಅದಕ್ಕೇ ಟೈಮ್ ಇಲ್ದಂಗೆ ಮಾಡ್ಕೊಂಡ್ರಿ. ದಿನಾ ಚಪ್ಪಲಿ, ದಿನಾ ಪ್ರದಕ್ಷಿಣೆ! ಈಗ ನಾನ್ ಏನ್ಮಾಡ್ಲಿ, ಹೇಳಿ?"

ಹಿರಿಯರ ಮೇಲೆ ಹೀಗೆ ಕೂಗಿದ್ದಕ್ಕೆ ಪಕ್ಕದಲ್ಲಿದ್ದ ಶ್ರಾವ್ಯ ನನ್ನ ತೋಳು ಚಿವುಟಿದಳು.

"ಖರೇ ಐತಿ, ನನ್ನಿಂದನ ತಡಾ ಆತು" ಎಂದರು ಪಾರ್ವತೆವ್ವ. "ಬೈಯಿ. ಇನ್ನೂ ಬೇಕಾದ್ರ ಬೈಯಿ. ಬೈದು ಮುಗಿಸಿದ ಮ್ಯಾಲ ಹೋಗೂಣು."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ನಗು ಬಸ್ಸಿನ ತುಂಬ ಹಬ್ಬಿತು. ಕೌಶಲ್ ಕೂಡ ನಕ್ಕು ಕೂತುಬಿಟ್ಟ. "ಹೋಗ್ಲಿ ಬಿಡಿ ಸಾರ್, ಬೀಚ್ ನಾಳೆನೂ ಇರತ್ತೆ" ಎಂದ. ಡ್ರೈವರನಿಗೆ ಮೊದಲ ದಿನದಿಂದ ಪಾರ್ವತೆವ್ವನ ರೊಟ್ಟಿ, ಶೇಂಗಾ ಚಟ್ನಿಯ ಋಣವಿತ್ತು. ಅವನು ಯಾರ ಅಪ್ಪಣೆಗೂ ಕಾಯದೆ ಎಪಿಡಾರಸ್ ದಾರಿಗೆ ತಿರುಗಿಸಿದ.

ನಾವು ಮುಟ್ಟಿದಾಗ ಬೇರೆ ಗುಂಪುಗಳೆಲ್ಲ ಹೊರಟಿದ್ದವು. ನಮ್ಮವರು ಕೆಳಗಿನ ಮೆಟ್ಟಿಲುಗಳಲ್ಲೇ ಉಸ್ಸೆಂದು ಕೂತರು. ದೆಸ್ಪಿನಾ ನಡುವಿನ ದುಂಡು ಕಲ್ಲಿನ ಮೇಲೆ ನಿಂತು ನಾಣ್ಯ ಬೀಳಿಸಿದಳು, ಕಾಗದ ಹರಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಇದು ಲೆಕ್ಕಕ್ಕಿಲ್ಲ" ಎಂದರು ಪಾರ್ವತೆವ್ವ. "ಮಾತು ಕೇಳಬೇಕು. ಯತಿರಾಜ, ನೀ ಮ್ಯಾಲ ಹತ್ತು. ನನ್ನ ಮೊಣಕಾಲಿಗೆ ಆಗೂದಿಲ್ಲ."

"ನಾನಾ? ಇಷ್ಟು ಜನ ಹುಡುಗರಿದಾರಲ್ಲಾ!"

"ನೀನ ಹತ್ತಬೇಕು. ಕಟ್ಟಾಕಡೀ ಸಾಲಿಗೆ. ಕೇಳಿಸಿದ್ರ ಕೈ ಎತ್ತು. ಕೇಳಿಸಲಿಲ್ಲಂದ್ರ ಸುಳ್ಳ ಎತ್ತಬ್ಯಾಡ, ನನ್ನಾಣಿ."

ಹತ್ತಿದೆ. ಆ ಮೆಟ್ಟಿಲು ಕಟ್ಟಿದ ಪುಣ್ಯಾತ್ಮನನ್ನೂ, ಬಳಗದವರನ್ನೂ, ನನ್ನ ತಾಳ್ಮೆಯನ್ನು ಹೊಗಳಿದ ಬಾಯಿಗಳನ್ನೂ ಶಪಿಸುತ್ತ, ಏದುಸಿರು ಬಿಡುತ್ತ ಕೊನೆಯ ಸಾಲಿಗೆ ಹೋಗಿ ಕುಸಿದು ಕೂತೆ. ಕೆಳಗೆ ಪಾರ್ವತೆವ್ವ ಬೆರಳುದ್ದ ಕಾಣುತ್ತಿದ್ದರು. ಚಪ್ಪಲಿ ಮತ್ತೆ ಎಲ್ಲೋ ಬಿಟ್ಟಿದ್ದರು. ಏನು ಹೇಳಿಯಾರು? ಒಂದು ಗಾದೆ, ಅಡುಗೆಯ ಮಾತು, ಇಲ್ಲವೇ ನನಗೊಂದು ಬೈಗುಳ ಎಂದು ಎಣಿಸಿಕೊಂಡಿದ್ದೆ. ಅವರು ಸೆರಗು ಸರಿ ಮಾಡಿಕೊಂಡು ನಡುವಿನ ಕಲ್ಲಿನ ಮೇಲೆ ನಿಂತರು. ಹೊತ್ತಾಯಿತೆಂದು ಕಾವಲುಗಾರ ಕೈಗಡಿಯಾರ ತೋರಿಸುತ್ತಿದ್ದ. ನಾನು ಮೇಲಿನಿಂದ ‘ಬೇಗ’ ಎಂದು ಕೈಸನ್ನೆ ಮಾಡಿದೆ.

"ಚನ್ನಮಲ್ಲಪ್ಪನವ್ರ" ಎಂದರು ಪಾರ್ವತೆವ್ವ.

ಕೂಗಲಿಲ್ಲ. ಅಡುಗೆಮನೆಯಿಂದ ನಡುಮನೆಗೆ ಕರೆದಷ್ಟೇ ಧ್ವನಿ. ಒಂದೊಂದು ಅಕ್ಷರವೂ ನನ್ನ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಬಂತು.

"ಚನ್ನಮಲ್ಲಪ್ಪನವ್ರ, ನಾ ಬಂದೇನ್ರಿ. ಮೈಕಿಲ್ಲದ ಮಾತಾಡಾಕತ್ತೇನಿ. ಕೇಳಸಾಕತ್ತೈತೇನ್ರಿ?"

ಒಂದು ವರ್ಷ ಆ ಹೆಸರನ್ನು ಗ್ಯಾಸಿನವರಿಗೆ, ವಿಮೆಯವರಿಗೆ, ಬ್ಯಾಂಕಿನವರಿಗೆ ಹೇಳಿ ಹೇಳಿ ಬೇಸತ್ತವನು ನಾನು. ಅದು ಹೀಗೂ ಕೇಳಿಸುವ ಹೆಸರೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು, ಕೆಳಗಿನವರು ಮಸುಕಾದರು. ಪಾರ್ವತೆವ್ವ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ಹಾಗೇ ನಿಂತಿದ್ದರು. ಆಗ ನೆನಪಾಗಿ ನಾನು ಕೈ ಎತ್ತಿದೆ.

ಒಂದೊಂದೇ ಮೆಟ್ಟಿಲು ಇಳಿದು ಬಂದೆ. ಪಾರ್ವತೆವ್ವ ಆ ಕಲ್ಲಿನ ಮೇಲೇ ಕಾಯುತ್ತಿದ್ದರು.

"ಇಷ್ಟ್ ತಡಾ ಯಾಕ ಮಾಡಿದಿ ಕೈ ಎತ್ತಾಕ?" ಎಂದು ನನಗೇ ಗದರಿದರು. "ಖರೇ ಕೇಳಿಸ್ತೇನು?"

"ಪೂರ್ತಿ ಕೇಳಿಸ್ತಮ್ಮಾ. ಒಂದಕ್ಷರಾನೂ ಬಿಡದೆ."

"ನೋಡು, ಕೇಳಸೂದಿಲ್ಲ ಅಂತಿದ್ರು ಅವ್ರು."

"ನೀವೇ ಗೆದ್ರಿ."

"ಹೌದು, ಗೆದ್ದೆ" ಎಂದರು ಪಾರ್ವತೆವ್ವ. ಖಾಲಿ ಮೆಟ್ಟಿಲುಗಳನ್ನು ಕೆಳಗಿನಿಂದ ಕೊನೆಯವರೆಗೂ ಒಮ್ಮೆ ನೋಡಿದರು. "ಗೆದ್ದೇನಂತ ಯಾರ ಮುಂದ ಹೇಳ್ಲೋ ಈಗ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಚಪ್ಪಲಿ ಎಲ್ಲಿ ಬಿಟ್ಟೆನೆಂದು ಹುಡುಕುತ್ತ ಹೊರಟರು. ನಾನೂ ಹುಡುಕತೊಡಗಿದೆ.