ಹನ್ನೊಂದು ಹೆಸರುಗಳ ಚಂದ್ರ

ನಮ್ಮ ಪಕ್ಕದ ಮನೆಯ ನಕ್ಷೆಗಾರರಿಗೆ ಅನ್ಯಾಯವಾಯಿತು. ಪ್ಲೂಟೋವಿನಿಂದಾಚೆಯ ಕುಬ್ಜಗ್ರಹವೊಂದಕ್ಕೆ ಚಂದ್ರನಿದ್ದಾನೆಂದು ಮೊದಲು ಗುರುತಿಸಿದವರು ಅವರು. ಅದನ್ನು ಜಗತ್ತಿಗೆ ಸಾರಿದ ಪ್ರಬಂಧದಲ್ಲಿ ಹನ್ನೊಂದು ಹೆಸರುಗಳಿವೆ; ಅವರದಿಲ್ಲ. ಕಳೆದ ವಾರ ಕಪಾಟು ಸರಿಮಾಡುವಾಗ ಅವರ ಟ್ರೇಸಿಂಗ್ ಹಾಳೆಗಳ ಸುರುಳಿ ಸಿಕ್ಕಿತು. ಬಿಚ್ಚಿದೊಡನೆ ಕಪ್ಪು ಮಸಿಯ ವಾಸನೆ ಎದ್ದಿತು...

ಅವರು ಧಾರವಾಡದ ಕಡೆಯವರು. ನೀರಾವರಿ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾಗಿ, ಈ ಪರದೇಶದ ನಮ್ಮ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿದ್ದ ಮಗಳ ಮನೆಗೆ ಬಂದಿದ್ದರು. 2020ರಲ್ಲಿ ಎಲ್ಲರೂ ಮನೆಯೊಳಗೇ ಉಳಿದಾಗ, ಗ್ಲೆಂಡೇಲ್‌ನ ಸಣ್ಣ ಸಂಶೋಧನಾ ತಂಡವೊಂದು ಬಾಹ್ಯಾಕಾಶ ದೂರದರ್ಶಕದ ಹಳೆಯ ಚಿತ್ರಗಳನ್ನು ಪರೀಕ್ಷಿಸಲು ಸ್ವಯಂಸೇವಕರನ್ನು ಕೇಳಿತು. ಮೊಮ್ಮಗಳು ಅಜ್ಜನಿಗಾಗಿ ಅಪ್ಲೈ ಮಾಡಿದಳು. ಉಳಿದವರೆಲ್ಲ ಪರದೆಯ ಮೇಲೆ ನೋಡುತ್ತಿದ್ದರೆ, ಇವರು ಪ್ರತಿ ಚಿತ್ರವನ್ನೂ ಪ್ರಿಂಟ್ ಮಾಡಿಸಿ, ಚುಕ್ಕೆಗಳನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿಯುತ್ತಿದ್ದರು. ಎಲ್ಲ ಹಾಳೆಗಳ ಕುಬ್ಜಗ್ರಹವನ್ನೂ ಒಂದೇ ಬಿಂದುವಿಗೆ ಕೂಡಿಸಿದರೆ ಹಿನ್ನೆಲೆಯ ನಕ್ಷತ್ರಗಳು ಚದುರಿಹೋಗುತ್ತವೆ. ಚದುರದೆ ಪಕ್ಕದಲ್ಲೇ ಸುಳಿಯುವ ಚುಕ್ಕೆಯಿದ್ದರೆ ಅದು ಚಂದ್ರ.

ಒಂದು ಮಧ್ಯಾಹ್ನ ನನ್ನನ್ನು ಕರೆದರು. "ಅಕ್ಕಾರ, ಕನ್ನಡಕ ಒರಸಿಕೊಂಡು ಬರ್ರಿ." ಏಳು ಹಾಳೆಗಳಲ್ಲೂ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ಕುಬ್ಜಗ್ರಹವನ್ನು ಬಿಡದೆ ಸುತ್ತಿತ್ತು.

ಅಜ್ಜ ಬರೆದ ಯಾವ ಕಾಲುವೆಯ ನಕ್ಷೆಯಲ್ಲೂ ಅವರ ಹೆಸರಿಲ್ಲವೆಂದು ಮೊಮ್ಮಗಳು ಸದಾ ಕಾಡುತ್ತಿದ್ದಳು. ಅಂದು, "ಅಜ್ಜಾ, ದಿಸ್ ಟೈಮ್ ದೇ ಹ್ಯಾವ್ ಟು ಪುಟ್ ಯುವರ್ ನೇಮ್," ಎಂದಳು. "ಹಾಕತಾರ ತಗೋ," ಎಂದು ಅವರು ನಕ್ಕರು. ಆ ವಯಸ್ಸಿನಲ್ಲಿ ಅವರು ಬಯಸಿದ್ದು ಅದೊಂದನ್ನೇ.

ಸ್ಕ್ಯಾನ್ ಮಾಡಿ ಕಳಿಸೋಣವೆಂದರೆ, ಅಳತೆ ಹಿಗ್ಗುತ್ತದೆಂದು ಅವರು ಒಪ್ಪಲಿಲ್ಲ. ಒಂದು ಪ್ರತಿಯನ್ನು ಮನೆಯಲ್ಲಿಟ್ಟು, ಕಚೇರಿಗಳು ಮತ್ತೆ ತೆರೆದ ಮೇಲೆ ಇನ್ನೊಂದನ್ನು ಕೈಯಾರೆ ಕೊಡಲು ಹೊರಟರು. ನಾನೇ ಗ್ಲೆಂಡೇಲ್‌ವರೆಗೆ ಡ್ರೈವ್ ಮಾಡಿದೆ. ಅಲ್ಲಿ ಕೊಟ್ಟ ಫಾರಂನಲ್ಲಿ ಅವರು ಎಲ್ಲವನ್ನೂ ತುಂಬಿ, ಫೋನ್ ನಂಬರನ್ನೂ ಬರೆದು, ಗುರುತಿಸಿದವರ ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟರು.

"ಹೆಸರೇ ಬರೀಲಿಲ್ವಲ್ಲ ನೀವು?"

"ನಮ್ಮ ಹೆಸರು ನಾವ ಮೊದಲ ಬರಕೋಬಾರದ್ರಿ. ಸಾಹೇಬರು ನೋಡಿ ಒಪ್ಪಿದ ಮ್ಯಾಲೆ ಕರದು ಬರಸ್ತಾರ."

ಅದು ಅವರ ಇಲಾಖೆಯ ಶಿಸ್ತು. ಪೆನ್ನು ನನ್ನ ಕೈಯಲ್ಲೇ ಇತ್ತು. ನಾನೂ ಬರೆಯಲಿಲ್ಲ...

ಮುಂದೆ ಆ ತಂಡದವರು ಅಳತೆಗಳ ಬಗ್ಗೆ ಸಂದೇಹ ಬಂದು ಎರಡು ಸಲ ಅವರಿಗೆ ಫೋನ್ ಮಾಡಿದರು. ಎರಡು ಸಲವೂ ಇವರು ಎದ್ದು ನಿಂತೇ ಉತ್ತರಿಸಿದರು.

"ಕೂತ್ಕೊಂಡೇ ಮಾತಾಡಿ, ಅವರಿಗೇನು ಕಾಣುತ್ತಾ?" ಎಂದೆ.

"ಕೂತು ಮಾತಾಡಿದ್ರ ದನಿಯಾಗ ಗೊತ್ತಾಗತದ್ರಿ."

ಪ್ರಬಂಧ ಪ್ರಕಟವಾದ ದಿನ ಅವರು ಹನ್ನೊಂದು ಹೆಸರುಗಳ ಮೇಲೂ ಬೆರಳಾಡಿಸಿದರು. ಮತ್ತೊಮ್ಮೆ ಮೇಲಿನಿಂದ ಆಡಿಸಿದರು. "ಪ್ರಿಂಟಿನಾಗ ಬಿಟ್ಟಿರಬೇಕ್ರಿ. ತಿದ್ತಾರ," ಎಂದರು. ಅಂದಿನಿಂದ ಪ್ರತಿ ಬೆಳಿಗ್ಗೆ ತಿದ್ದುಪಡಿ ಬಂದಿದೆಯೇ ಎಂದು ಮೊಮ್ಮಗಳಿಂದ ನೋಡಿಸುತ್ತಿದ್ದರು. ನಾನು ಮೂರು ಪತ್ರ ಬರೆದೆ. ಮೂರನೆಯದಕ್ಕೆ ಎರಡು ಸಾಲಿನ ಉತ್ತರ ಬಂತು: ಫಾರಂನಲ್ಲಿ ಹೆಸರಿರಲಿಲ್ಲ, ಆದ್ದರಿಂದ ವ್ಯಕ್ತಿ ಯಾರೆಂದು ತಿಳಿಯುವಂತಿರಲಿಲ್ಲ. ಆ ಉತ್ತರವನ್ನು ನಾನು ಅವರಿಗೆ ತೋರಿಸಲೇ ಇಲ್ಲ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗಲೂ ಅವರು ಕೇಳಿದ್ದು ಅದನ್ನೇ. "ಬಂತೇನು?"

ಯಾವಾಗಲೂ ಇಂಗ್ಲಿಷ್‌ನಲ್ಲೇ ಉತ್ತರಿಸುವ ಮೊಮ್ಮಗಳು, "ಬಂತು, ಅಜ್ಜಾ," ಎಂದಳು.

"ಹೆಸರು ಎಷ್ಟನೇದ?"

"ಫಸ್ಟ್."

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಎರಡು ದಿನಗಳ ನಂತರ ತೀರಿಕೊಂಡರು. ಮಗಳು ಮನೆಯಲ್ಲಿದ್ದ ಹಾಳೆಗಳ ಸುರುಳಿಯನ್ನು ನನಗೆ ಕೊಟ್ಟು, ಆ ಮನೆ ಬಿಟ್ಟು ಹೋಗಿದ್ದಾಳೆ. ತಿದ್ದುಪಡಿ ಇಂದಿಗೂ ಬಂದಿಲ್ಲ. ಇನ್ನು ಬಂದರೂ ಓದಬೇಕಾದವರಿಲ್ಲ.

ಆ ಹನ್ನೊಂದು ಮಂದಿಯನ್ನು ಕೇಳುತ್ತೇನೆ: ಅಳತೆಯಲ್ಲಿ ಅನುಮಾನ ಬಂದಾಗ ಯಾರಿಗೆ ಫೋನ್ ಮಾಡಬೇಕೆಂದು ಎರಡು ಸಲವೂ ಸರಿಯಾಗಿ ತಿಳಿದಿದ್ದ ನಿಮಗೆ, ಹೆಸರು ಬರೆಯುವ ದಿನ ಮಾತ್ರ ಅವರು ಯಾರೆಂದು ತಿಳಿಯದೆ ಹೋಯಿತೇ?