ಸೀಟಿನ ಮೇಲಿನ ಅಕ್ಕಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಡ್ರೈವರ್ ಸೀಟಿನ ಮೇಲೆ ಅಕ್ಕಿ ಇದ್ದದ್ದು ಖಂಡಿತ. ಎರಡು ದೊಡ್ಡ ಮೂಟೆ, ಅವುಗಳ ಮೇಲೆ ಎರಡು ಚಿಕ್ಕ ಚೀಲ ಎಂದು ನನ್ನ ನೆನಪು. ಚಿಕ್ಕಮ್ಮ ಒಪ್ಪುವುದಿಲ್ಲ, ಚಿಕ್ಕ ಚೀಲ ಇದ್ದದ್ದು ಒಂದೇ ಅನ್ನುತ್ತಾರೆ. ಅವರು ಹೇಳುವುದೇ ನಿಜವಾದರೆ ನಾನು ಮುಂದೆ ಬರೆಯುವುದಕ್ಕೆ ಹೆಚ್ಚು ಅರ್ಥವಿರುವುದಿಲ್ಲ.

ಚಿಕ್ಕಪ್ಪ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಸವನಗುಡಿಯ ಅವರ ಮನೆಯ ಪೋರ್ಟಿಕೋದಲ್ಲಿ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದಿದೆ. ಚೆನ್ನೈ ಕಡೆಯ ರೇಸ್ ಟ್ರ್ಯಾಕಿನಲ್ಲಿ ನಮ್ಮಂಥವರಿಗೂ ಕಾರು ಓಡಿಸಲು ಬಿಡುವ ದಿನಗಳಿರುತ್ತವೆ. ಅಂಥ ಒಂದು ದಿನಕ್ಕೆ ಅವರು ಹೆಸರು ಕೊಟ್ಟಿದ್ದರು. "ಒಂದೆರಡು ರೌಂಡು ನೀನೂ ಹೊಡೀವಂತೆ" ಎಂದು ನನ್ನ ಹೆಸರನ್ನೂ ಸೇರಿಸಿದ್ದರು. ಅಷ್ಟರಲ್ಲಿ ಅವರ ಕತ್ತಿನ ಮೂಳೆ ಸವೆದು, ಎಡಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಟ್ರ್ಯಾಕ್ ಬೇಡವೇ ಬೇಡ ಎಂದರು ಡಾಕ್ಟರು. ಚಿಕ್ಕಪ್ಪ ಹೂಂ ಎಂದು ಮನೆಗೆ ಬಂದು ಮತ್ತೆ ಕಾರಿನ ಕೆಳಗೆ ತೂರಿಕೊಂಡರು. ಅವರು ಓಡಿಸುತ್ತಾರೋ ಇಲ್ಲವೋ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಶನಿವಾರಗಳಂದು ನಾನು ವೈಯಾಲಿಕಾವಲ್‌ನಿಂದ ಹೋಗಿ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದೆ. ಕಾರಿನ ಎರಡೂ ಪಕ್ಕದಲ್ಲಿ ದಾರ ಬಿಗಿದು, ಚಕ್ರಗಳು ನೇರಕ್ಕೆ ನೋಡುತ್ತಿವೆಯೇ ಎಂದು ಅಳೆಯುತ್ತಿದ್ದೆವು. ವೇಗದ ತಿರುವಿನಲ್ಲಿ ಟೈರು ಪೂರ್ತಿ ನೆಲ ಹಿಡಿಯಲೆಂದು ಮುಂದಿನ ಚಕ್ರಗಳ ತಲೆಯನ್ನು ಒಂದಿಷ್ಟು ಒಳಕ್ಕೆ ವಾಲಿಸಿದ್ದೂ ಆಯಿತು. ಕೊನೆಗೆ ಉಳಿದದ್ದು ತೂಕ. ನಾಲ್ಕು ಚಕ್ರಗಳಡಿ ನಾಲ್ಕು ತೂಕದ ಮೆಷಿನ್ ಇಟ್ಟು, ಸ್ಪ್ರಿಂಗಿನ ಬುಡದ ರಿಂಗುಗಳನ್ನು ತಿರುಗಿಸುತ್ತಾ ಕಾರಿನ ಭಾರವನ್ನು ಹಂಚಬೇಕು. ಆಗ ಓಡಿಸುವವರ ತೂಕವೂ ಸೀಟಿನಲ್ಲಿರಬೇಕು.

"ನಾನೇ ಕೂತ್ಕೊಳ್ಲಾ ಚಿಕ್ಕಪ್ಪ?" ಎಂದೆ.

"ನಿನ್ನ ತೂಕ ನನ್ನ ತೂಕ ಒಂದೇನೇ? ಅಡುಗೆಮನೇಲಿ ಅಕ್ಕಿ ಇದ್ಯಲ್ಲ, ತಗೊಂಡ್ಬಾ."

ಅವರ ತೂಕಕ್ಕೆ ಸರಿಯಾಗಿ ಅಕ್ಕಿ ಪೇರಿಸಿ, ಜಾರದಿರಲೆಂದು ಸೀಟ್ ಬೆಲ್ಟ್ ಬಿಗಿದೆವು. ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತರು. "ಅಯ್ಯೋ ರೀ, ಅಕ್ಕಿಗೆ ಬೆಲ್ಟ್ ಬೇರೆ! ಇಷ್ಟು ವರ್ಷದಲ್ಲಿ ನನ್ನ ಒಂದಿನ ಹೀಗೆ ಕೂರ್ಸಿದೀರಾ?"

"ನೀನು ಸುಮ್ನೆ ಕೂರಲ್ವಲ್ಲೇ. ಅಕ್ಕಿ ಮಾತಾಡಲ್ಲ."

ನಾವು ತಿಂಡಿ ತಿಂದು ಹೊರಗೆ ಬರುವಷ್ಟರಲ್ಲಿ ಒಂದು ಚಿಕ್ಕ ಚೀಲ ಕಾಣೆ. ಗವಿಪುರದ ದೇವಸ್ಥಾನದ ಅನ್ನಸಂತರ್ಪಣೆಗೆ ಪಕ್ಕದ ಮನೆಯವರು ಆಟೋದಲ್ಲಿ ಹೊರಟಿದ್ದರಂತೆ. ಚಿಕ್ಕಮ್ಮ ಬೆಲ್ಟ್ ಬಿಚ್ಚಿ, ಚೀಲ ತೆಗೆದು ಅವರ ಕೈಗೆ ಕೊಟ್ಟಿದ್ದರು.

"ಏನೇ ಇದು? ಬೆಳಗ್ಗೆಯಿಂದ ಮಾಡಿದ್ದೆಲ್ಲಾ ಹಾಳಾಯ್ತಲ್ಲೇ!"

"ನಿಮ್ಮ ಕತ್ತು ನೆಟ್ಟಗಾಗ್ಲಿ ಅಂತ ದೇವರಿಗೆ ಹೇಳ್ಕೊಂಡಿದ್ದ ಅಕ್ಕಿ ರೀ ಅದು. ಕಾರಲ್ಲಿ ಕೂತಿದ್ದು ಸಾಕು."

ಅಂಗಡಿಯಿಂದ ಇನ್ನೊಂದು ಚೀಲ ತರುತ್ತೇನೆಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಚಿಕ್ಕಪ್ಪ ಸೀಟನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನೋಡಿದರೆಂದೇ ನನಗೆ ಅನ್ನಿಸುತ್ತದೆ, ಆದರೆ ಆ ನೋಟವನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಆ ದಿನದ ನನ್ನ ಡೈರಿಯಲ್ಲಿ ಉಪ್ಪಿಟ್ಟಿನ ವಿಷಯವಿದೆ, ಇದಿಲ್ಲ. "ಬೇಡ ಬಿಡು ಪುಟ್ಟಿ, ಇಷ್ಟೇ ಇರ್ಲಿ" ಎಂದವರೇ ನಾಲ್ಕು ಮೆಷಿನ್‌ಗಳನ್ನೂ ಹೊಸದಾಗಿ ಓದಿ, ರಿಂಗುಗಳನ್ನು ಮೊದಲಿನಿಂದ ತಿರುಗಿಸಿದರು. ನಡುನಡುವೆ ಎಡಗೈಯನ್ನು ಕೊಡವಿಕೊಳ್ಳುತ್ತಿದ್ದರು. ಸೀಟಿನಲ್ಲಿ ಉಳಿದ ಎರಡು ಮೂಟೆ, ಒಂದು ಚಿಕ್ಕ ಚೀಲ ಸೇರಿ ಹೆಚ್ಚುಕಡಿಮೆ ನನ್ನ ತೂಕದಷ್ಟಿತ್ತು ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಟ್ರ್ಯಾಕಿನಲ್ಲಿ ಅವರು ಹೆಲ್ಮೆಟ್ ಹಾಕಿಕೊಂಡು ಕುತ್ತಿಗೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿದರು. ತೆಗೆದು ನನ್ನ ಕೈಗಿಟ್ಟರು. "ಮೊದಲು ನೀನೇ ಹೋಗು. ಅವಸರ ಬೇಡ, ಟೈರು ಬಿಸಿ ಆಗ್ಲಿ."

ನಾನು ಹೋದೆ. ಮೊದಲ ಸುತ್ತಿನಲ್ಲಿ ಭಯ, ಎರಡನೆಯದರಲ್ಲಿ ಕೂಡ. ಆಮೇಲೆ ಯಾವಾಗಲೋ ಒಂದು ಬಲತಿರುವಿನಲ್ಲಿ ಕಾರು ನಾನು ನೋಡಿದ ಕಡೆಗೇ ಹೋಯಿತು. ಮುಂದಿನ ಎಡತಿರುವಿನಲ್ಲೂ ಹಾಗೆಯೇ, ಜಗ್ಗಾಟವಿಲ್ಲದೆ. ವಾಪಸ್ ಬಂದಾಗ ಚಿಕ್ಕಪ್ಪ ಮಂಡಿಯೂರಿ ಟೈರಿನ ರಬ್ಬರಿಗೆ ಥರ್ಮಾಮೀಟರಿನ ಸೂಜಿ ಚುಚ್ಚಿ ಬಿಸಿ ಅಳೆದರು: ಒಳಅಂಚು, ನಡು, ಹೊರಅಂಚು. ಮೂರೂ ಕಡೆ ಹೆಚ್ಚು ವ್ಯತ್ಯಾಸವಿರಲಿಲ್ಲ, ಅಂದರೆ ಟೈರು ಪೂರ್ತಿ ನೆಲ ಹಿಡಿದಿತ್ತು. ಬಿಸಿಗೆ ಏರಿದ್ದ ಗಾಳಿಯನ್ನು ಸ್ವಲ್ಪ ಬಿಟ್ಟು, "ಹೋಗು, ಇನ್ನೊಂದು ಸಲ" ಎಂದರು. ಸಂಜೆಯವರೆಗೂ ಅದೇ ಮಾತು. ತಮ್ಮ ಸರದಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆಗೆ ಬಂದು ಎಷ್ಟೋ ದಿನದ ಮೇಲೆ ನನಗೆ ಹೊಳೆಯಿತು. ಮೋಡ ಕವಿದರೂ ಟೈರಿನ ಗಾಳಿ ತಿದ್ದುವ ಮನುಷ್ಯ, ತಮ್ಮ ಬದಲು ನಾನು ಕೂತಾಗ ಸ್ಪ್ರಿಂಗಿನ ರಿಂಗುಗಳನ್ನು ಮುಟ್ಟಲೇ ಇಲ್ಲ. ಕಾರು ಆಗಲೇ ನನ್ನ ತೂಕಕ್ಕೆ ಹೊಂದಿದ್ದರಿಂದ ಮುಟ್ಟುವ ಅಗತ್ಯವಿರಲಿಲ್ಲವೇ? ಅಥವಾ ಆ ಶನಿವಾರ ಅವರು ಇನ್ನೊಂದು ಚೀಲ ಬೇಡವೆಂದದ್ದು ಬರೀ ಸುಸ್ತಿನಿಂದಲೇ?

ಕಳೆದ ಭಾನುವಾರ ಅವರು ಪೋರ್ಟಿಕೋದಲ್ಲಿ ಟೈರಿನ ಗಾಳಿ ನೋಡುತ್ತಿದ್ದಾಗ ಕೇಳಿಯೇಬಿಟ್ಟೆ. ಅವರು ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ಆ ಚೀಲ ಹೋದಾಗ್ಲೇ ತೀರ್ಮಾನ ಮಾಡ್ಬಿಟ್ರಾ, ಇನ್ನು ನೀವು ಓಡ್ಸಲ್ಲ ಅಂತ?"