ಸಂತೆಕಲ್ಲೂರಿನ ಗಣಿತ ಟೀಚರ್

2022ರ ಜೂನ್‌ನಲ್ಲಿ ನಾನು ಸಿಂಧನೂರಿನ ಒಂದು ಖಾಸಗಿ ಶಿಕ್ಷಣ ಸಂಸ್ಥೆಗೆ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆಯಾಗಿ ಸೇರಿದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿದ್ದ ಸಂಸ್ಥೆಯ ಮೂರು ಶಾಲೆಗಳಿಗೆ ಶಿಕ್ಷಕರನ್ನು ಹುಡುಕುವುದು, ಬಂದವರನ್ನು ಉಳಿಸಿಕೊಳ್ಳುವುದು. ಅದಕ್ಕೂ ಮೊದಲು ಹತ್ತಿ ಗಿರಣಿಯೊಂದರಲ್ಲಿ ಇದೇ ಕೆಲಸ ಮಾಡಿದ್ದೆ. ಅಲ್ಲಿ ಒಬ್ಬ ಆಪರೇಟರ್ ಬರದಿದ್ದರೆ ಇನ್ನೊಬ್ಬನಿಗೆ ಓವರ್‌ಟೈಮ್ ಕೊಟ್ಟು ಪಾಳಿ ಮುಗಿಸಬಹುದಿತ್ತು. ಶಾಲೆಯಲ್ಲಿ ಅದು ನಡೆಯುವುದಿಲ್ಲ ಎಂದು ಮೊದಲ ವಾರದಲ್ಲೇ ತಿಳಿಯಿತು.

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಆಡಳಿತ ಮಂಡಳಿ ಮೊದಲು ಅರ್ಧ ಸಂಬಳ ಕೊಟ್ಟು, ಆಮೇಲೆ ಅದನ್ನೂ ನಿಲ್ಲಿಸಿತ್ತು. ಶಿಕ್ಷಕರು ಚದುರಿಹೋಗಿದ್ದರು. ಇಂಗ್ಲಿಷ್ ಕಲಿಸುತ್ತಿದ್ದವರು ಗೊಬ್ಬರದ ಅಂಗಡಿಯಲ್ಲಿ ಕೂತಿದ್ದರು, ವಿಜ್ಞಾನದವರು ಸಾಲಗುಂದದಲ್ಲಿ ಭತ್ತದ ವ್ಯಾಪಾರಕ್ಕೆ ಇಳಿದಿದ್ದರು. ಮಕ್ಕಳು ಮಾತ್ರ ಮರಳಿ ಬಂದಿದ್ದರು. ಬೆಳಿಗ್ಗೆ ಲಿಂಗಸುಗೂರಿನಲ್ಲಿ ಒಬ್ಬರನ್ನು ನೇಮಿಸಿ ಬಸ್ಸು ಹತ್ತಿದರೆ, ಮಸ್ಕಿ ಬರುವಷ್ಟರಲ್ಲಿ ಸಿಂಧನೂರಿನಲ್ಲಿ ಇನ್ನೊಬ್ಬರು ಬಿಟ್ಟ ಸುದ್ದಿ ಬರುತ್ತಿತ್ತು. ಫೋನು ಸದ್ದು ಮಾಡಿದರೂ ಭಯ, ಮಾಡದಿದ್ದರೂ ಭಯ.

ಆಗಸ್ಟ್‌ನಲ್ಲಿ ಮಸ್ಕಿ ಶಾಲೆಯ ಗಣಿತ ಶಿಕ್ಷಕರಿಗೆ ಸರ್ಕಾರಿ ನೌಕರಿ ಸಿಕ್ಕಿತು. ಹತ್ತನೇ ತರಗತಿಗೆ ಗಣಿತ ಹೇಳುವವರೇ ಇಲ್ಲದಂತಾಯಿತು. ಈ ಮಕ್ಕಳ ಎಂಟನೇ ತರಗತಿ ಬಹುಪಾಲು ಮೊಬೈಲಿನಲ್ಲೇ ಕಳೆದಿತ್ತು, ಮೊಬೈಲ್ ಇದ್ದವರಿಗೆ. ಖಾಲಿ ಪೀರಿಯಡ್‌ನಲ್ಲಿ ನಾನೇ ಹೋಗಿ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿರೆಂದೆ. ಯಾರೂ ತಲೆ ಎತ್ತಲಿಲ್ಲ. ಹೊರಬರುವಾಗ ಸಾನಿಯಾ ಎಂಬ ಹುಡುಗಿ ಹಿಂದೆ ಬಂದಳು.

“ಮಿಸ್, ನಮಗ ಬರಂಗಿಲ್ಲಂತ ಹೊರಗ ಯಾರಿಗೂ ಹೇಳಬ್ಯಾಡ್ರಿ.”

ಹೇಳಬೇಕಾಗಿಯೇ ಇರಲಿಲ್ಲ. ಪಾಲಕರು ಆಗಲೇ ವರ್ಗಾವಣೆ ಪತ್ರ ಕೇಳತೊಡಗಿದ್ದರು. ಸಿಂಧನೂರಿನ ಗಣಿತ ಶಿಕ್ಷಕರನ್ನು ವಾರಕ್ಕೆ ಮೂರು ದಿನ ಮಸ್ಕಿಗೆ ಕಳಿಸಿ ಎಂದರು ಸಂಸ್ಥೆಯ ಕಾರ್ಯದರ್ಶಿ. ಹಾಗೆ ಮಾಡಿದರೆ ಎರಡೂ ಕಡೆ ಬಿಡುತ್ತೇನೆ ಎಂದರು ಆ ಶಿಕ್ಷಕರು. ಕೊನೆಗೆ ಮಸ್ಕಿಯ ಹೆಡ್‌ಮಾಸ್ತರರು ರೇಣುಕಾ ಟೀಚರ್ ಹೆಸರು ಹೇಳಿದರು. ಕೋವಿಡ್‌ಗೆ ಮುಂಚೆ ಅಲ್ಲಿ ಗಣಿತ ಕಲಿಸುತ್ತಿದ್ದವರು. ಈಗ ಸಂತೆಕಲ್ಲೂರಿನಲ್ಲಿ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಾರಂತೆ.

ಶೇರ್ ಆಟೋದಲ್ಲಿ ಹೋದೆ. ತಗಡಿನ ಶೆಡ್ಡಿನಲ್ಲಿ ಆರು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ರೇಣುಕಾ ಒಲೆಯ ಮುಂದಿನಿಂದ ಎದ್ದು ಬಂದು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಮಕ್ಕಳ ಸ್ಥಿತಿ ಕೇಳಿ ಅವರ ಮುಖ ಸಣ್ಣದಾಯಿತು. ಒಪ್ಪಿದರು ಎಂದುಕೊಂಡೆ.

“ಸಾಲಿ ಮುಚ್ಚಿದಾಗ ನಮಗ ಒಂದು ಫೋನ್ ಸೈತ ಬರಲಿಲ್ಲ ಮೇಡಂ,” ಎಂದರು. “ಈಗ ಈ ಆರು ಮಂದಿಗೆ ನಾಳಿಂದ ಬರಬ್ಯಾಡ್ರಿ ಅಂದ್ರ, ನನಗೂ ಆ ಸಾಲಿಗೂ ಏನ್ ಫರಕ್?”

ನಾನು ತಟ್ಟೆ ಕೆಳಗಿಟ್ಟು ಎದ್ದೆ. ಆಟೋವರೆಗೆ ಬಂದವರು ಮತ್ತೊಂದು ಮಾತು ಹೇಳಿದರು: “ಮತ್ತ ಮುಚ್ಚಿದ್ರ ಏನ್ ಮಾಡ್ತೀರಿ? ಅದನ್ನ ಕೇಳ್ಕೊಂಡು ಬರ್ರಿ.”

ಅದನ್ನೇ ಕಾರ್ಯದರ್ಶಿಯವರನ್ನು ಕೇಳಿದೆ. ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇತ್ತು: ಏಪ್ರಿಲ್‌ಗೆ ಶಿಕ್ಷಕರನ್ನು ಬಿಡಿಸಿ ಜೂನ್‌ಗೆ ಮತ್ತೆ ನೇಮಿಸುವುದು, ಬೇಸಿಗೆ ರಜೆಯ ಸಂಬಳ ಉಳಿಸಲು. ರಜೆಯಿರಲಿ, ಶಾಲೆ ಮುಚ್ಚಲಿ, ಸಂಬಳ ನಿಲ್ಲುವುದಿಲ್ಲವೆಂದು ನೇಮಕಾತಿ ಆದೇಶದಲ್ಲೇ ಬರೆಯಬೇಕು ಎಂದೆ.

“ಒಬ್ಬಾಕಿಗೆ ಬರ್ದ್ ಕೊಟ್ರ ಮೂರೂ ಸಾಲಿಯವ್ರು ಕೇಳ್ತಾರ್ರಿ,” ಎಂದರು ಅವರು.

“ಮೂರೂ ಶಾಲೆಗೂ ಕೊಡೋಣ ಸರ್. ಆಗಲ್ಲ ಅಂದರೆ ನನ್ನ ಜಾಗಕ್ಕೂ ಒಬ್ಬರನ್ನ ಹುಡುಕಬೇಕಾಗುತ್ತದೆ.”

ಹೇಳಿಯೇನೋ ಬಿಟ್ಟೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮಂಡಳಿಯ ಸಭೆ ಮುಗಿಯುವವರೆಗೆ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿದೆನೇ ಹೊರತು ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ. ಮಸ್ಕಿಯಲ್ಲಿ ಮತ್ತಷ್ಟು ಮಕ್ಕಳು ಬಿಟ್ಟುಹೋದ ಮೇಲೆ ಮಂಡಳಿ ಒಪ್ಪಿತು.

ಹೊಸ ಆದೇಶ ಓದಿ ನೋಡಿ ರೇಣುಕಾ ಒಪ್ಪಿದರು, ಆದರೆ ಮಧ್ಯಾಹ್ನ ಮಾತ್ರ ಬರುವುದಾಗಿ ಹೇಳಿದರು. ಬೆಳಿಗ್ಗೆ ರೊಟ್ಟಿ ಕೆಲಸ. ಅವರಿಲ್ಲದಾಗ ಆರ್ಡರ್‌ಗಳನ್ನು ನೋಡಿಕೊಳ್ಳಲು ಆ ಆರು ಜನರಲ್ಲೇ ಹನುಮವ್ವ ಎಂಬಾಕೆ ಮುಂದಾದರು. ಗಣಿತವನ್ನೆಲ್ಲ ಊಟದ ನಂತರಕ್ಕೆ ಹಾಕಿದ್ದಕ್ಕೆ ಉಳಿದ ಶಿಕ್ಷಕರು ಗೊಣಗಿದರು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ನೆಲಕಚ್ಚಿದಾಗ ಕಾರ್ಯದರ್ಶಿಯವರ ಫೋನು ಬಂತು. ನಾನು ಮಸ್ಕಿಗೆ ಓಡಿದೆ.

“ಏಳನೇತ್ತದ ಲೆಕ್ಕಾನ ಇನ್ನೂ ಹೇಳಾಕತ್ತೀನಿ,” ಎಂದರು ರೇಣುಕಾ. “ಹತ್ತನೇತ್ತದ್ದು ದೀಪಾವಳಿ ಮುಗಿದ ಮ್ಯಾಲೆ ಚಾಲೂ ಮಾಡ್ತೀನಿ. ಅಲ್ಲೀ ತನಕ ನೀವು ಫೋನ್ ಎತ್ತಬ್ಯಾಡ್ರಿ.”

ಫೋನು ಎತ್ತದಿರಲು ನನ್ನಿಂದಾಗಲಿಲ್ಲ. ಆದರೆ ಅವರಿಗೆ ಅಡ್ಡ ಬರಲಿಲ್ಲ, ಯಾರನ್ನೂ ಬರಗೊಡಲೂ ಇಲ್ಲ.

ಹತ್ತನೇ ತರಗತಿಯ ಫಲಿತಾಂಶ ಬಂದಾಗ ಹೆಚ್ಚಿನವರು ಪಾಸಾಗಿದ್ದರು. ಕೆಲವರು ಗಣಿತದಲ್ಲಿ ಫೇಲಾಗಿದ್ದರು, ಅವರಲ್ಲಿ ಸಾನಿಯಾ ಕೂಡ. ಹಿಂದಿನ ವರ್ಷಗಳಲ್ಲಾಗಿದ್ದರೆ ಮೇ ತಿಂಗಳಲ್ಲಿ ಶಾಲೆಗೆ ಬೀಗ, ಶಿಕ್ಷಕರು ಮನೆಗೆ. ಈ ಸಲ ರೇಣುಕಾಗೆ ಸಂಬಳವಿತ್ತು. ಆ ಮಕ್ಕಳನ್ನು ದಿನವೂ ಕೂರಿಸಿಕೊಂಡು ಪೂರಕ ಪರೀಕ್ಷೆಗೆ ತಯಾರು ಮಾಡಿದರು. ಸಾನಿಯಾ ಪಾಸಾದಳು. ಮಸ್ಕಿಯಲ್ಲೇ ಪಿಯುಸಿಗೆ ಸೇರಿದಳು, ವಾಣಿಜ್ಯ ವಿಭಾಗಕ್ಕೆ.

ಮುಂದಿನ ಜೂನ್‌ಗೆ ಸಾಲಗುಂದದ ವಿಜ್ಞಾನ ಶಿಕ್ಷಕರು ತಾವಾಗಿಯೇ ವಿಚಾರಿಸಿ ಮರಳಿದರು. ಗೊಬ್ಬರದ ಅಂಗಡಿ ಸೇರಿದ ಇಂಗ್ಲಿಷ್ ಶಿಕ್ಷಕರು ಬರಲಿಲ್ಲ, ಬರುವುದೂ ಇಲ್ಲ. ಆ ಹುದ್ದೆ ಇವತ್ತಿಗೂ ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ. ಬೇಸಿಗೆ ಬಂತೆಂದರೆ ನನಗೆ ಈಗಲೂ ನೆಮ್ಮದಿಯಿಲ್ಲ.

ಶಿಕ್ಷಕರ ಕೊರತೆ ಎಂದು ನಾವು ಹೇಳುತ್ತಿದ್ದೆವು. ಶಿಕ್ಷಕರು ಆಟೋದಲ್ಲಿ ಹೋಗಿಬರುವಷ್ಟು ದೂರದಲ್ಲೇ ಇದ್ದರು. ನಮ್ಮನ್ನು ನಂಬಲು ಅವರಿಗೆ ಕಾರಣವಿರಲಿಲ್ಲ. ಈಗ ನನ್ನ ಸಂದರ್ಶನಗಳಲ್ಲಿ ಮೊದಲ ಪ್ರಶ್ನೆ ಕೇಳುವ ಸರದಿ ಕೆಲಸ ಕೇಳಿಕೊಂಡು ಬಂದವರದು. ಬಹಳ ಜನ ಸಂಕೋಚದಿಂದ ಕೇಳುವುದೇನೂ ಇಲ್ಲ ಎನ್ನುತ್ತಾರೆ. ಅವರು ಕೇಳುವವರೆಗೆ ನಾನು ಕಾಯುತ್ತೇನೆ.